ಐದು ತಂತಿಯ ದಫ್

ಅಬ್ಬಾಸಿಯಾ, ಕುವೈತ್
೧೪ ಸೆಪ್ಟೆಂಬರ್ ೧೯೯೦, ಶುಕ್ರವಾರ ಮಧ್ಯಾಹ್ನ

ನನ್ನ ಉಮಾ,

ನೀನು ಇದನ್ನು ಓದುವಾಗ ಮುಲ್ಕಿಯ ನಿನ್ನ ಮನೆಯ ಚಾವಡಿಯಲ್ಲಿ ಬಾವಾಕುಂಞಿ ಎಂಬವರು ಕುಳಿತಿರುತ್ತಾರೆ. ಉಳ್ಳಾಲದವರು, ನಮ್ಮ ಕಟ್ಟಡದ ಕೆಳಗೆ ಅಂಗಡಿ ಇಟ್ಟುಕೊಂಡಿದ್ದವರು. ನಾವೆಲ್ಲ ಬಾವಾಕ ಎಂದು ಕರೆಯುತ್ತೇವೆ. ಜೊತೆಗೆ ಅವರ ಹೆಂಡತಿ ಬೀಪಾತುಮ್ಮ ಮತ್ತು ಮಗಳು. ಇಲ್ಲಿಂದ ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಅಮ್ಮಾನ್, ಆಮೇಲೆ ವಿಮಾನದಲ್ಲಿ ಬೊಂಬಾಯಿ, ಮತ್ತೆ ಬಸ್ಸು. ಎಷ್ಟು ದಿನ ಹಿಡಿಯಿತೋ ಅವರಿಗೇ ಗೊತ್ತು. ಮೊದಲು ಚಹಾ ಮಾಡು ಮಾರಾಯ್ತಿ. ಆ ಹುಡುಗಿಗೆ ತಿನ್ನಲು ಏನಾದರೂ ಕೊಡು. ಅವಳು ಮಾತಾಡುವುದಿಲ್ಲ, ಮಾತಾಡಿಸಲು ಹೋಗಬೇಡ. ಆಮೇಲೆ ಕನ್ನಡಕ ಹಾಕಿಕೊಂಡು ಇದನ್ನು ಕೊನೆಯವರೆಗೆ ಓದು. ನಡುವೆ ಬಿಟ್ಟು ಬಾವಾಕರಿಗೆ ಪ್ರಶ್ನೆ ಕೇಳಿ ಹಿಂಸೆ ಕೊಡಬೇಡ, ನಿನ್ನ ಟೀಚರ್ ಬುದ್ಧಿ ನನಗೆ ಗೊತ್ತು.

ನಮ್ಮ ಅತ್ತೆಗೆ ಬೇರೆ ಪತ್ರ ಬರೆದಿದ್ದೇನೆ, ಕೊಂಕಣಿಯಲ್ಲಿ ನಾಲ್ಕು ಸಾಲು. ಎಲ್ಲರೂ ಆರಾಮ, ಊಟಕ್ಕೆ ತೊಂದರೆಯಿಲ್ಲ, ಬೇಗ ಬರುತ್ತೇವೆ ಎಂದು. ಅವರ ಹೃದಯಕ್ಕೆ ಅಷ್ಟು ಸಾಕು. ನಿನಗೆ ಸುಳ್ಳು ಬರೆದರೆ ಶಾಲೆಯಲ್ಲಿ ನನ್ನ ಬೆಂಚಿನ ಪಕ್ಕ ಕೂತು ಹಿಡಿಯುತ್ತಿದ್ದ ಹಾಗೆ ಹಿಡಿಯುತ್ತಿ. ಆದ್ದರಿಂದ ನಿಜ ಬರೆಯುತ್ತೇನೆ. ಒಂದೇ ಸಲಕ್ಕೆ ಪೂರ್ತಿ ಬರೆಯುವ ಧೈರ್ಯವಿಲ್ಲ, ಸ್ವಲ್ಪ ಸ್ವಲ್ಪವೇ ಬರೆಯುತ್ತೇನೆ.

ವಿಷಯ ಇಷ್ಟು. ಇರಾಕಿನ ಸೈನಿಕರು ರೊನಾಲ್ಡನನ್ನು ಅಮೆರಿಕದವನೆಂದು ಹುಡುಕುತ್ತಿದ್ದಾರೆ. ನಗು ಬಂತಾ? ನಗು, ಪರವಾಗಿಲ್ಲ. ಮೊದಲ ದಿನ ನಾನೂ ನಕ್ಕೆ. ಕಿನ್ನಿಗೋಳಿಯ ಡಿಸೋಜರ ಮಗ, ಒಣಮೀನಿನ ಚಟ್ನಿ ಇಲ್ಲದೆ ಗಂಜಿ ಇಳಿಯದವನು, ಅವನು ಅಮೆರಿಕದವನಂತೆ! ಈಗ ನಗು ಬರುವುದಿಲ್ಲ. ಅಮೆರಿಕದವರು, ಇಂಗ್ಲೆಂಡಿನವರು ಸಿಕ್ಕಿದರೆ ಇರಾಕಿಗೆ ಒಯ್ಯುತ್ತಾರೆ. ಬಾಂಬು ಬೀಳಬಹುದಾದ ಜಾಗಗಳಲ್ಲಿ ಅವರನ್ನು ಇಡುತ್ತಾರಂತೆ. ಅವರನ್ನು ಮನೆಯಲ್ಲಿ ಅಡಗಿಸಿಟ್ಟವರಿಗೆ ಗಲ್ಲು ಎಂದು ರೇಡಿಯೋದಲ್ಲಿ ಹೇಳಿದ್ದಾರೆ.

ನೀನು ರೊನಾಲ್ಡನನ್ನು ಸರಿಯಾಗಿ ನೋಡಿದ್ದು ನಮ್ಮ ಮದುವೆಯಲ್ಲಿ ಮಾತ್ರ. ನೆನಪಿದೆಯಾ, ಬ್ಯಾಂಡಿನವರನ್ನು ಕೆಳಗಿಳಿಸಿ ಮದುಮಗನೇ ಮ್ಯಾಂಡೋಲಿನ್ ಹಿಡಿದು ಮೈಕಿನ ಮುಂದೆ ನಿಂತದ್ದು? ಅವನು ಹಾಡಲು ಶುರು ಮಾಡಿದಾಗ ನೀನು ನನ್ನ ಕಿವಿಯಲ್ಲಿ ಕೇಳಿದೆ, ಇವರಿಗೆ ಶೀತವಾ ಕಾರ್ಮೆಲ್ ಎಂದು. ಶೀತವಲ್ಲ ಮಾರಾಯ್ತಿ, ಅದು ಹಾಡುವ ಕ್ರಮ. ಅಮೆರಿಕದ ಗುಡ್ಡದ ಕಡೆಯ ಜನ ಹಾಗೆ ಮೂಗಿನಲ್ಲಿ ಎತ್ತಿ ಹಾಡುತ್ತಾರಂತೆ. ಬ್ಲೂಗ್ರಾಸ್ ಎಂದು ಅದರ ಹೆಸರು. ಹದಿಮೂರು ವರ್ಷ ಕೇಳಿ ಕೇಳಿ ನನಗೂ ಅಭ್ಯಾಸವಾಗಿದೆ.

ಅವನಿಗೆ ಈ ಹುಚ್ಚು ಹತ್ತಿಸಿದ್ದು ಹಡಗಿನಲ್ಲಿ ಕೆಲಸಕ್ಕಿದ್ದ ಅವನ ಸೋದರಮಾವ. ಯಾವುದೋ ಬಂದರಿನಿಂದ ಒಂದು ರೆಕಾರ್ಡ್ ಪ್ಲೇಯರನ್ನೂ ಆರೇಳು ರೆಕಾರ್ಡುಗಳನ್ನೂ ತಂದು ಅಕ್ಕನ ಮನೆಯಲ್ಲಿ ಇಟ್ಟು ಹೋದರು. ಅಪ್ಪ ಚರ್ಚಿನಲ್ಲಿ ಪಿಟೀಲು ಬಾರಿಸುತ್ತಿದ್ದವರು, ಮಗನಿಗೂ ಕಿವಿ ಚುರುಕು. ಇವನು ರೆಕಾರ್ಡಿನ ವೇಗ ಇಳಿಸಿ, ಒಂದೊಂದೇ ಸ್ವರ ಹಿಡಿದು, ಅಪ್ಪನ ಹಳೆಯ ಮ್ಯಾಂಡೋಲಿನ್‌ನಲ್ಲಿ ಕೂರಿಸಿದ. ರೆಕಾರ್ಡಿನಲ್ಲಿ ಬರುವುದು ಯಾವ ವಾದ್ಯ, ಹೇಗಿರುತ್ತದೆ, ಏನೂ ಗೊತ್ತಿಲ್ಲ. ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ವೇಟರ್ ಆದ, ಎಪ್ಪತ್ತೇಳರಲ್ಲಿ ಇಲ್ಲಿನ ಸಮುದ್ರದ ಬದಿಯ ದೊಡ್ಡ ಹೋಟೆಲಿಗೆ ಸ್ಟೋರ್‌ಕೀಪರಾಗಿ ಬಂದ. ಮ್ಯಾಂಡೋಲಿನ್ ಜೊತೆಗೇ ಬಂತು. ಗುರುವಾರ ಸಂಜೆ ಕಾಫಿ ಶಾಪಿನಲ್ಲಿ ಬಾರಿಸಲು ಬಿಟ್ಟರು.

ಒಂದು ಗುರುವಾರ ಎಣ್ಣೆ ಕಂಪನಿಯ ಮುದುಕರೊಬ್ಬರು ಬಂದು, ನೀನು ಮ್ಯಾಂಡೋಲಿನ್‌ನಲ್ಲಿ ಬ್ಯಾಂಜೊ ಯಾಕೆ ಬಾರಿಸುತ್ತಿ ಎಂದು ಕೇಳಿದರಂತೆ. ಸಾರ್, ನಾನು ಬ್ಯಾಂಜೊ ನೋಡಿಯೇ ಇಲ್ಲ ಎಂದನಂತೆ ಇವನು. ಆ ಮುದುಕರ ಕಣ್ಣಲ್ಲಿ ನೀರು ಬಂತಂತೆ. ಅವರು ಟೆನೆಸ್ಸಿ ಎಂಬ ಕಡೆಯವರು, ಇದು ಅವರ ಗುಡ್ಡದ ಹಾಡು. ಮರುವಾರ ತಮ್ಮದೇ ಬ್ಯಾಂಜೊ ತಂದು ಇವನ ಮಡಿಲಲ್ಲಿ ಇಟ್ಟರು. ಐದು ತಂತಿ, ಉದ್ದ ಕತ್ತು, ಕೆಳಗೆ ಚರ್ಮ ಬಿಗಿದ ದುಂಡನೆಯ ಬುರುಡೆ. ಬಲಗೈಯ ಮೂರು ಬೆರಳಿಗೆ ಉಗುರಿನಂಥ ತುಂಡು ಸಿಕ್ಕಿಸಿಕೊಂಡು ಬಾರಿಸಬೇಕು. ಟೆನೆಸ್ಸಿ ಅಜ್ಜ ಎರಡು ವರ್ಷ ಕಲಿಸಿ, ವಾದ್ಯವನ್ನು ಇವನಿಗೇ ಬಿಟ್ಟು ಊರಿಗೆ ಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ಊಟದ ಮೇಜು, ಕಾರಿನ ಸ್ಟಿಯರಿಂಗು, ನನ್ನ ಬೆನ್ನು, ಯಾವುದಕ್ಕೂ ಆ ಮೂರು ಬೆರಳಿನ ಕಾಟ ತಪ್ಪಿಲ್ಲ.

ಹೋಟೆಲಿನ ಲೆಬನಾನಿ ಮ್ಯಾನೇಜರ್ ಇವನಿಗೆ ಹೊಸ ಹೆಸರಿಟ್ಟ. ರೊನಾಲ್ಡ್ ಡಿಸೋಜ ಎಂದು ಬೋರ್ಡ್ ಹಾಕಿದರೆ ಜನ ಅಡುಗೆಯವನೆಂದುಕೊಳ್ಳುತ್ತಾರೆ, ಇಂದಿನಿಂದ ನೀನು ರೋನಿ ಡೇಲ್ ಎಂದ. ಅಗಲ ಅಂಚಿನ ಟೋಪಿ, ಉದ್ದ ಬೂಟು, ಕುತ್ತಿಗೆಗೆ ಕೆಂಪು ಕರವಸ್ತ್ರ. ಇವನೂ ಮೈಬಣ್ಣದಲ್ಲಿ ಬೆಳ್ಳಗೆ, ಕಣ್ಣು ಬೆಕ್ಕಿನದು. 'ಅಮೆರಿಕದ ಗುಡ್ಡಗಳಿಂದ ನೇರವಾಗಿ' ಎಂದು ಪೋಸ್ಟರ್ ಅಂಟಿಸಿದರು. ಸ್ಟೇಜಿನ ಮೇಲೆ ಅಮೆರಿಕದವರ ಹಾಗೆಯೇ ಮಾತಾಡಬೇಕೆಂದು ಮ್ಯಾನೇಜರನ ಅಪ್ಪಣೆ. ಇವನಿಗೆ ಅದು ಎಷ್ಟು ಹಿಡಿಸಿತೆಂದರೆ ಮನೆಯಲ್ಲೂ ಮಗಳ ಜೊತೆ ಅದೇ ರಾಗದ ಇಂಗ್ಲಿಷು. ಶೆರಿಲ್‌ಳಿಗೆ ಈಗ ಎಂಟು. ನಾವು ಕೊಂಕಣಿಯಲ್ಲಿ ಕೇಳಿದರೂ ಅವಳು ಅಪ್ಪನ ಇಂಗ್ಲಿಷಿನಲ್ಲಿಯೇ ಉತ್ತರ ಕೊಡುತ್ತಾಳೆ. ಇದೆಲ್ಲ ನನಗೆ ಹೆಮ್ಮೆಯೇ ಆಗಿತ್ತು. ಹೆಂಡತಿಯಾಗಿ ನನ್ನದು ಒಂದೇ ಜಗಳ, ಅವನು ಹಿಂದಿ ಹಾಡು ಬಾರಿಸುತ್ತಿರಲಿಲ್ಲ. ಇಲ್ಲಿ ನಮ್ಮ ಊರಿನವರ ಮದುವೆ, ಹುಟ್ಟುಹಬ್ಬ, ಯಾವುದಕ್ಕೆ ಹೋದರೂ ಜನ ಒಂದಾದರೂ ಹಿಂದಿ ಹಾಡು ಎಂದು ಗೋಗರೆಯುತ್ತಾರೆ. ಇವನು ಮುಖ ಸಿಂಡರಿಸಿ ಟೋಪಿ ಸರಿಮಾಡಿಕೊಳ್ಳುತ್ತಾನೆ. ನನ್ನ ತಂಗಿಯ ಮದುವೆಯಲ್ಲೂ ಹಾಗೆಯೇ ಮಾಡಿ ನನ್ನ ಮಾನ ಕಳೆದ.

ಈ ವರ್ಷ ಮೇ ತಿಂಗಳಲ್ಲಿ ಟೆನೆಸ್ಸಿ ಅಜ್ಜನಿಂದ ಕರೆ ಬಂತು. ಅವರ ಊರಿನ ಗುಡ್ಡದ ಮೇಲೆ ವರ್ಷಕ್ಕೊಮ್ಮೆ ಬ್ಲೂಗ್ರಾಸ್ ಹಬ್ಬ, ಬಯಲಿನಲ್ಲಿ ಸ್ಟೇಜು, ಸುತ್ತಮುತ್ತಲಿನ ವಾದಕರೆಲ್ಲ ಸೇರುತ್ತಾರೆ. ನೀನು ಬಂದು ನಾಲ್ಕು ಹಾಡು ಬಾರಿಸು ಎಂದರು. ಉಮಾ, ಅವತ್ತು ಅವನು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತ. ಜುಲೈ ಕೊನೆಯಲ್ಲಿ ವೀಸಾಕ್ಕೆಂದು ಪಾಸ್‌ಪೋರ್ಟನ್ನು ಅಮೆರಿಕನ್ ಎಂಬೆಸಿಗೆ ಕೊಟ್ಟ. ಸಿವಿಲ್ ಐಡಿಯನ್ನು, ಎಂದರೆ ಇಲ್ಲಿನ ಸರ್ಕಾರದ ಗುರುತಿನ ಚೀಟಿಯನ್ನು, ರಜೆಯ ಕೆಲಸಕ್ಕೆಂದು ಹೋಟೆಲ್ ಆಫೀಸಿಗೆ ಕೊಟ್ಟ. ಆ ಹಬ್ಬ ಯಾವಾಗ ಗೊತ್ತಾ? ನಾಳೆ, ಶನಿವಾರ.

ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಸೈನ್ಯ ಇಲ್ಲಿಗೆ ನುಗ್ಗಿದ್ದನ್ನು ನೀವು ರೇಡಿಯೋದಲ್ಲಿ ಕೇಳಿದ್ದೀರಿ. ನಾವು ಕಿಟಕಿಯಲ್ಲಿ ನೋಡಿದೆವು, ಅಷ್ಟೇ ವ್ಯತ್ಯಾಸ. ರೊನಾಲ್ಡನ ಕಫೀಲ್, ಎಂದರೆ ಅವನ ಕೆಲಸಕ್ಕೆ ಜವಾಬ್ದಾರನಾದ ಇಲ್ಲಿನ ಧಣಿ, ಮನೆಮಂದಿಯನ್ನು ಕಾರಿಗೆ ಹಾಕಿ ಸೌದಿಗೆ ಓಡಿದ. ಹೋಟೆಲಿನಲ್ಲಿ ಇರಾಕಿನ ಸೈನ್ಯ ಬಂದು ಕೂತಿತು. ಸಿವಿಲ್ ಐಡಿ ಇದ್ದ ಕಪಾಟನ್ನು ಒಡೆದು ಹಾಕಿದರಂತೆ. ಅಮೆರಿಕನ್ ಎಂಬೆಸಿಯ ಸುತ್ತ ಬಂದೂಕು ಹಿಡಿದವರು ನಿಂತಿದ್ದಾರೆ, ನೀರು ಕರೆಂಟು ಎರಡೂ ಕತ್ತರಿಸಿದ್ದಾರೆ. ಪಾಸ್‌ಪೋರ್ಟ್ ಅದರೊಳಗೆ. ಅವನ ಕಿಸೆಯಲ್ಲಿ ಉಳಿದದ್ದು ಹೋಟೆಲಿನ ಒಂದು ಕಾರ್ಡು, ಟೋಪಿ ಹಾಕಿದ ಫೋಟೊ, ಕೆಳಗೆ ರೋನಿ ಡೇಲ್ ಎಂದು ಹೆಸರು. ನನ್ನ ಪಾಸ್‌ಪೋರ್ಟ್ ಮಾತ್ರ ಮನೆಯಲ್ಲಿತ್ತು, ಮಗಳ ಹೆಸರೂ ಅದರಲ್ಲೇ ಇದೆ. ಆಗಸ್ಟಿನಲ್ಲಿ ನಾನೂ ಶೆರಿಲ್‌ಳೂ ಊರಿಗೆ ಬರುವುದೆಂದು, ನಾನು ನರ್ಸಾಗಿರುವ ಆಸ್ಪತ್ರೆಯವರು ಇಟ್ಟುಕೊಂಡಿದ್ದನ್ನು ಬಿಡಿಸಿಕೊಂಡು ಬಂದಿದ್ದೆ.

ಆಗಸ್ಟಿನ ಕೊನೆಯಲ್ಲಿ ಬಾವಾಕ ಮೇಲೆ ಓಡಿ ಬಂದರು. ಊರಿನ ಕ್ರಮದಲ್ಲಿ ಅವರು ನನ್ನನ್ನು ಬಾಯಮ್ಮ, ರೊನಾಲ್ಡನನ್ನು ಪೊರ್ಬು ಎಂದೇ ಕರೆಯುವುದು. ಬಾಯಮ್ಮ, ಪೊರ್ಬುವನ್ನು ಹೊರಗೆ ಬಿಡ್ಬೇಡಿ, ಹೋಟೆಲಿನ ಬಾಗಿಲಲ್ಲಿದ್ದ ಆ ಟೋಪಿಯ ಫೋಟೊ ಹಿಡ್ಕೊಂಡು ಅಂಗಡಿ ಅಂಗಡಿಯಲ್ಲಿ ಕೇಳ್ತಾ ಇದ್ದಾರೆ, ಈ ಅಮೆರಿಕದವ ಎಲ್ಲಿದ್ದಾನೆ ಅಂತ, ಎಂದರು. ಅವರು ಏದುಸಿರು ಬಿಡುತ್ತಿದ್ದರು. ನಾನು ಆಗಲೇ ಹೇಳಿದೆನಲ್ಲ, ನಕ್ಕೆ. ಬಾವಾಕ ನಗಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ರೋನಿ ಡೇಲ್‌ನನ್ನು ಅಳಿಸುವ ಕೆಲಸ. ಟೋಪಿಯನ್ನು ಚೂರು ಚೂರು ಮಾಡಿ ಒಲೆಯ ಮೇಲೆ ಸುಟ್ಟೆ, ಮನೆಯೆಲ್ಲ ನಾಯಿ ಕೂದಲು ಸುಟ್ಟ ವಾಸನೆ. ಬೂಟನ್ನು ದೂರದ ಕಸದ ಡಬ್ಬಕ್ಕೆ ಹಾಕಿದೆ. ಬೀಪಾತುಮ್ಮ ಬಾವಾಕರ ಎರಡು ಲುಂಗಿ ಕೊಟ್ಟರು. ತಲೆ ಬೋಳಿಸಿದೆವು, ಮೀಸೆ ಬೆಳೆಯಲು ಬಿಟ್ಟೆವು. ಉಳಿದದ್ದು ಬ್ಯಾಂಜೊ. ಸುಡು ಎಂದು ನಾನು ಹೇಳಲಿಲ್ಲ, ಅವನೂ ಹೇಳಲಿಲ್ಲ. ಬಾವಾಕರೇ ಅದನ್ನು ಮಡಿಲಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬುರುಡೆಯ ಚರ್ಮದ ಮೇಲೆ ಬೆರಳಿನಿಂದ ಎರಡು ಸಲ ಬಡಿದರು. ಪೊರ್ಬು, ಈ ಕತ್ತು ತೆಗೆದ್ರೆ ಇದು ನಮ್ಮ ದಫ್ ಅಲ್ವಾ ಎಂದರು.

ನಿನಗೆ ಗೊತ್ತಲ್ಲ, ಉಳ್ಳಾಲದ ಕಡೆ ಬ್ಯಾರಿಗಳು ಸಾಲಾಗಿ ಕೂತು ದಫ್ ಬಡಿದು ಹಾಡುವುದು. ಬಾವಾಕ ಹುಡುಗನಾಗಿದ್ದಾಗ ಆ ಗುಂಪಿನಲ್ಲಿದ್ದವರಂತೆ. ಕಣ್ಣು ತುಂಬಿಕೊಂಡೇ ರೊನಾಲ್ಡ್ ತಂತಿ ಬಿಚ್ಚಿದ, ಹಿಂದಿನ ಮರದ ತಟ್ಟೆ ತೆಗೆದ, ತಿರುಪು ಸಡಿಲಿಸಿ ಕತ್ತನ್ನು ಬೇರ್ಪಡಿಸಿದ. ಚರ್ಮ ಬಿಗಿದ ಬಳೆ ಮಾತ್ರ ಉಳಿಯಿತು. ಸುತ್ತಲಿನ ಕೊಕ್ಕೆಗಳು ಕಾಣದ ಹಾಗೆ ಬೀಪಾತುಮ್ಮ ಹಸಿರು ಬಟ್ಟೆ ಹೊಲಿದರು. ಕತ್ತನ್ನು ಗೋಣಿಯಲ್ಲಿ ಸುತ್ತಿ ಬಾವಾಕ ಅಂಗಡಿಯ ಅಕ್ಕಿ ಮೂಟೆಗಳ ಅಡಿಯಲ್ಲಿ ಇಟ್ಟರು. ಹೋದ ವಾರ ಸೈನಿಕರು ಅಂಗಡಿಯನ್ನು ಲಾರಿ ತಂದು ಖಾಲಿ ಮಾಡಿದಾಗ ಅಕ್ಕಿಯ ಜೊತೆ ಅದೂ ಹೋಯಿತು. ಇದನ್ನು ರೊನಾಲ್ಡನಿಗೆ ಹೇಳಿಲ್ಲ. ನೀನೂ ಹೇಳಬೇಡ.

ಆಮೇಲೆ ಪಾಠ ಶುರುವಾಯಿತು. ಇರಾಕಿನವರಿಗೆ ನಮ್ಮ ಹಿಂದಿ ಸಿನಿಮಾ ಎಂದರೆ ಪ್ರಾಣ. ಚೆಕ್‌ಪೋಸ್ಟಿನಲ್ಲಿ ಇಂಡಿಯಾದವರು ಎಂದು ಹೇಳಿದರೆ ಒಂದು ಹಾಡು ಹೇಳು ಎನ್ನುತ್ತಾರೆ, ಹೇಳಿದರೆ ಬಿಡುತ್ತಾರೆ. ಈ ಮಹಾರಾಯನಿಗೆ ಒಂದು ಹಾಡೂ ಬರುವುದಿಲ್ಲ! ನಾನು ಪಲ್ಲವಿ ಹೇಳಿಕೊಡಬೇಕು, ಅವನು ಗೋಡೆಗೆ ಮುಖ ಮಾಡಿ ಹೇಳಬೇಕು. ಸ್ವರ ಸರಿ, ಮಾತು ಸರಿ, ಬಾಯಿ ಬಿಟ್ಟರೆ ಮಾತ್ರ ಎಲ್ಲ ಮೂಗಿಗೆ ಹೋಗುತ್ತದೆ. ಶೆರಿಲ್‌ಳಿಗೂ ಪಾಠ. ಯಾರಾದರೂ ಬಂದರೆ ಇಂಗ್ಲಿಷ್ ಆಡಬೇಡ ಎಂದರೆ 'ಓಕೆ ಮಮ್ಮಿ' ಎನ್ನುತ್ತಾಳೆ, ಏನು ಮಾಡಲಿ?

ಈ ಸೋಮವಾರ ಬೆಳಿಗ್ಗೆ ಅವರು ಬಂದೇ ಬಂದರು. ನಡುವಯಸ್ಸಿನ ಒಬ್ಬ ಅಧಿಕಾರಿ, ಇಬ್ಬರು ಸೈನಿಕರು. ಬಾವಾಕ ಅವರ ಹಿಂದೆಯೇ ಮೆಟ್ಟಿಲು ಹತ್ತಿ ಬಂದರು, ಆ ಧೈರ್ಯಕ್ಕೆ ನಾನು ಏನು ಕೊಟ್ಟರೂ ಕಡಿಮೆಯೇ. ಅಧಿಕಾರಿಯ ಕಣ್ಣು ಮೊದಲು ಬಿದ್ದದ್ದು ಗೋಡೆಯಲ್ಲಿ ತೂಗಿಸಿದ ದಫ್ ಮೇಲೆ. ಇದು ಯಾರದು ಎಂದು ಕೇಳಿದ. ನನ್ನದು ಎಂದು ಬಾವಾಕ ಮುಂದೆ ಬಂದು, ಅದನ್ನು ಇಳಿಸಿ, ನೆಲದ ಮೇಲೆ ಮಂಡಿಯೂರಿ ಬಡಿಯುತ್ತಾ ಪೈಗಂಬರರ ಹೊಗಳಿಕೆಯ ಒಂದು ಹಾಡು ಹೇಳಿದರು. ಟೆನೆಸ್ಸಿಯ ಚರ್ಮ ಉಳ್ಳಾಲದ ಹಾಗೆಯೇ ಮಾತಾಡಿತು. ಅಧಿಕಾರಿ ಎದೆಯ ಮೇಲೆ ಕೈ ಇಟ್ಟುಕೊಂಡು ಕೇಳಿದ. ಎಲ್ಲ ಸರಿಯಾಯಿತು ಎಂದುಕೊಂಡೆ.

ಆಮೇಲೆ ಅವನು ಕಿಸೆಯಿಂದ ಮಡಚಿದ ಪೋಸ್ಟರ್ ತೆಗೆದ. ಲುಂಗಿಯಲ್ಲಿ ನಿಂತಿದ್ದ ರೊನಾಲ್ಡನ ಮುಖದ ಪಕ್ಕ ಹಿಡಿದು ಅದನ್ನೂ ಇದನ್ನೂ ನೋಡಿದ. ಹೆಸರೇನು ಎಂದ. ರೊನಾಲ್ಡ್ ಎಂದ ಇವನು. ಆ ಹೆಸರು ಬಾಯಿಂದ ಬಿದ್ದ ಕೂಡಲೇ ನಮ್ಮ ಅಪ್ಪ ಅಮ್ಮಂದಿರ ಮೇಲೆ ನನಗೆ ಸಿಟ್ಟು ಬಂತು, ಒಂದು ಪೆದ್ರು, ಒಂದು ಬಸ್ತ್ಯಾಂವ್ ಎಂದು ಊರಿನ ಹಳೆಯ ಹೆಸರು ಇಡಬಾರದಿತ್ತಾ? ನೀನು ಹಿಂದೀ, ಎಂದರೆ ಇಂಡಿಯಾದವ, ಆದರೆ ಹಾಡು ಎಂದ ಅಧಿಕಾರಿ. ಇವನು ಕಣ್ಣು ಮುಚ್ಚಿ ನಾನು ಕಲಿಸಿದ ಪಲ್ಲವಿ ಎತ್ತಿದ. ಮಾತು ಹಿಂದಿ, ದನಿ ಟೆನೆಸ್ಸಿ! ಒಬ್ಬ ಸೈನಿಕ ನಕ್ಕ. ಅಧಿಕಾರಿ ನಗಲಿಲ್ಲ, ಪೋಸ್ಟರನ್ನೇ ನೋಡುತ್ತಿದ್ದ. ಅಷ್ಟರಲ್ಲಿ ನನ್ನ ಸೆರಗು ಹಿಡಿದು ನಿಂತಿದ್ದ ಶೆರಿಲ್, ಅಪ್ಪ ಪಾಠ ತಪ್ಪಿದ್ದು ತಡೆಯಲಾರದೆ, 'ನೋ ಡ್ಯಾಡಿ, ನಾಟ್ ಲೈಕ್ ದ್ಯಾಟ್' ಎಂದಳು. ಅದೇ ಅಪ್ಪನ ಅಮೆರಿಕದ ರಾಗದಲ್ಲಿ.

ಉಮಾ, ಅಧಿಕಾರಿ ಮಗುವಿನ ಕಡೆ ತಿರುಗಿದ. ನನ್ನ ತಲೆಯಲ್ಲಿ ಏನೂ ಉಳಿಯಲಿಲ್ಲ. ಉಪಾಯ ಮಾಡಿದೆ ಎಂದು ಬಾವಾಕ ಎಲ್ಲರಿಗೂ ಹೇಳುತ್ತಿದ್ದಾರೆ, ಅದು ಸುಳ್ಳು. ಹೆದರಿಕೆಯೇ ಸಿಟ್ಟಾಗಿ ಬಂತು. ಕೊಂಕಣಿಯಲ್ಲಿ ಬಾಯಿ ಬಿಟ್ಟೆ. ಹದಿಮೂರು ವರ್ಷದಿಂದ ಬಡ್ಕೊಂಡೆ, ಒಂದು ಹಿಂದಿ ಹಾಡು ಕಲಿ ಅಂತ, ನನ್ನ ತಂಗಿಯ ಮದುವೆಯಲ್ಲಿ ಕೈ ಮುಗಿದು ಕೇಳಿದ್ರೂ ಬಾರಿಸ್ಲಿಲ್ಲ, ಈಗ ನೋಡು, ನಿನ್ನ ಮೂಗು ನಮ್ಮನ್ನೆಲ್ಲ ಕೊಲ್ತದೆ ಎಂದೆ. ಅವನೂ ಬಂದೂಕು ಮರೆತ. ನಿನ್ನ ತಂಗಿ ಕೇಳಿದ್ದು ಹಾಡಾ ಅದು, ಡಬ್ಬ ಬಡಿದ ಹಾಗಿರ್ತದೆ ಎಂದು ಕೊಂಕಣಿಯಲ್ಲಿಯೇ ತಿರುಗಿ ಹೇಳಿದ. ನನ್ನ ತಂಗಿಯ ಸುದ್ದಿಗೆ ಬರಬೇಡ ಎಂದೆ. ನೀನೇ ತಂದದ್ದು ಸುದ್ದಿ ಎಂದ. ಬೋಳು ತಲೆ, ಮೇಲೆ ಕಟ್ಟಿದ ಲುಂಗಿ, ನನ್ನ ಮೂಗಿನ ಹತ್ತಿರ ಅವನ ಬೆರಳು.

ಬಾವಾಕ ಇಬ್ಬರ ನಡುವೆ ಕೈ ಚಾಚಿ, ಹಾದಾ ಹಿಂದೀ, ಮಿಯ್ಯಾ ಮಿಯ್ಯಾ, ಇವನು ನೂರಕ್ಕೆ ನೂರು ಇಂಡಿಯಾದವನೇ ಎಂದು ಅರಬ್ಬಿಯಲ್ಲಿ ಕೂಗಿದರು. ಆಗ ಆ ಅಧಿಕಾರಿ ನಕ್ಕ. ಬಸ್ರಾದಲ್ಲಿ ನನ್ನ ಹೆಂಡತಿಯೂ ಹೀಗೆಯೇ ಎಂದನಂತೆ. ನನ್ನ ಪಾಸ್‌ಪೋರ್ಟ್ ತೋರಿಸಿದೆ, ಅದರಲ್ಲಿ ಗಂಡನ ಹೆಸರು ರೊನಾಲ್ಡ್ ಡಿಸೋಜ ಎಂದಿದೆ. ಹೆಸರಿದೆ, ಮುಖ ಇಲ್ಲವಲ್ಲ ಎಂದ. ಪೋಸ್ಟರನ್ನು ಮಡಚಿ ಮತ್ತೆ ಕಿಸೆಗೆ ಹಾಕಿಕೊಂಡ. ಶನಿವಾರ ಪಾಸ್‌ಪೋರ್ಟ್ ತೆಗೆದುಕೊಂಡು ಠಾಣೆಗೆ ಬಾ, ಖಲಾಸ್, ಎಂದು ಹೇಳಿ ಇಳಿದು ಹೋದ.

ಪಾಸ್‌ಪೋರ್ಟ್ ಎಲ್ಲಿದೆ ಎಂದು ಅವನಿಗೆ ಹೇಗೆ ಹೇಳುವುದು, ನೀನೇ ಹೇಳು.

ಅವತ್ತೇ ಸೇಸಪ್ಪಣ್ಣ ಬಂದು ರೊನಾಲ್ಡನನ್ನು ಕರೆದುಕೊಂಡು ಹೋದರು. ಹಳೆಯಂಗಡಿಯವರು, ಹೋಟೆಲಿನಲ್ಲಿ ಇವನ ಜೊತೆ ಅಡುಗೆಗಿದ್ದವರು. ಈಗ ಸಬ್ಹಾನಿನ ಕಾರ್ಖಾನೆಗಳ ಹತ್ತಿರ ಕೆಲಸಗಾರರ ಕ್ಯಾಂಪಿನಲ್ಲಿ ಗಂಜಿ ಬೇಯಿಸುತ್ತಾರೆ. ಅಲ್ಲಿ ನೂರಾರು ಜನ ನಮ್ಮವರು, ಎಲ್ಲರಿಗೂ ಲುಂಗಿ, ಅರ್ಧಕ್ಕರ್ಧ ಜನರ ಬಳಿ ಪಾಸ್‌ಪೋರ್ಟ್ ಇಲ್ಲ. ಬರ್ಲಿ ಬಾಯಮ್ಮ, ಇಷ್ಟು ಜನರ ನಡುವೆ ಇವರೊಬ್ಬರು ಯಾರಿಗೆ ಗೊತ್ತಾಗ್ತದೆ, ನಾನುಂಟಲ್ಲ ಎಂದರು. ಹೊರಡುವಾಗ ರೊನಾಲ್ಡ್ ಮಗಳ ಕೈ ಹಿಡಿದು ಅವಳ ಅಂಗೈ ಮೇಲೆ ಮೂರು ಬೆರಳಿನಲ್ಲಿ ಏನೋ ಬಾರಿಸಿದ. ನನ್ನ ಕಡೆ ನೋಡದೆ ಮೆಟ್ಟಿಲು ಇಳಿದ. ತಂಗಿಯ ವಿಷಯದ ಸಿಟ್ಟು ಇನ್ನೂ ಇಳಿದಿರಲಿಲ್ಲ ಕಾಣುತ್ತದೆ, ಇಬ್ಬರಿಗೂ.

ಇನ್ನು ದಾರಿ ಒಂದೇ. ಇಲ್ಲಿ ನಮ್ಮವರ ಶಾಲೆಯಲ್ಲಿ ಇಂಡಿಯಾದವರನ್ನು ಊರಿಗೆ ಕಳಿಸುವ ಸಮಿತಿಯವರು ಕೂತಿದ್ದಾರೆ. ಪಾಸ್‌ಪೋರ್ಟ್ ಇಲ್ಲದವರಿಗೆ ನಮ್ಮ ಸರ್ಕಾರದ ಕಾಗದ ಮಾಡಿಸಿ ಕೊಡುತ್ತಾರೆ, ಅದು ಇದ್ದರೆ ಬಸ್ಸು ಹತ್ತಬಹುದು. ಅದಕ್ಕೆ ಒಂದು ಫೋಟೊ ಬೇಕು. ಮನೆಯ ಆಲ್ಬಮ್ಮುಗಳನ್ನೆಲ್ಲ ನೆಲದ ಮೇಲೆ ಸುರಿದೆ ಉಮಾ. ಶೆರಿಲ್‌ಳ ದೀಕ್ಷಾಸ್ನಾನದಲ್ಲಿ ಟೋಪಿ, ಅವಳ ಹುಟ್ಟುಹಬ್ಬದಲ್ಲಿ ಟೋಪಿ, ಸಮುದ್ರದ ಬದಿಯಲ್ಲಿ ಚಡ್ಡಿಯ ಜೊತೆ ಟೋಪಿ. ಟೋಪಿ ಇಲ್ಲದ ಫೋಟೊ ಇದ್ದದ್ದು ಒಂದೇ, ನಮ್ಮ ಮದುವೆಯದು. ಆಗ ಆ ಟೋಪಿ ಇನ್ನೂ ಬಂದಿರಲಿಲ್ಲ, ದೇವರು ದೊಡ್ಡವನು. ಕತ್ತರಿ ತೆಗೆದುಕೊಂಡು ಅವನ ಮುಖವನ್ನು ಅಳತೆಗೆ ಸರಿಯಾಗಿ ಕತ್ತರಿಸಿದೆ. ಕತ್ತರಿ ಜಾರಿ ನನ್ನ ಹೂವಿನ ಕಿರೀಟದ ಒಂದು ಮೂಲೆಯೂ ಅವನ ಜೊತೆ ಹೋಯಿತು. ಸಮಿತಿಯವರು ತೆಗೆದುಕೊಂಡಿದ್ದಾರೆ, ಮುಂದಿನ ವಾರ ನೋಡೋಣ ಎಂದಿದ್ದಾರೆ. ಇವನು ಯಾರು ಎನ್ನುವುದಕ್ಕೆ ಸಾಕ್ಷಿ ನನ್ನ ಪಾಸ್‌ಪೋರ್ಟಿನಲ್ಲಿರುವ ಹೆಸರು, ಕಾಗದ ಸಿಗುವಾಗ ಅದನ್ನು ಹಿಡಿದು ನಾನೇ ಅಲ್ಲಿ ನಿಂತಿರಬೇಕಂತೆ. ಆದ್ದರಿಂದ ನಾನು ಹೊರಡುವ ಹಾಗಿಲ್ಲ.

ನಾಳೆ ಶನಿವಾರ. ಬಾವಾಕರ ಬಸ್ಸು ಬೆಳಿಗ್ಗೆಯೇ ಹೊರಡುತ್ತದೆ. ಆಮೇಲೆ ಸೈನಿಕರು ಮತ್ತೆ ಬಾಗಿಲು ತಟ್ಟುತ್ತಾರೆ, ತಟ್ಟದೆ ಇರುವುದಿಲ್ಲ. ಗಂಡ ಮೊನ್ನೆಯೇ ಊರಿಗೆ ಹೋದ ಎಂದು ಹೇಳಬೇಕೆಂದುಕೊಂಡಿದ್ದೇನೆ. ನಂಬುತ್ತಾರಾ? ಹೆದರಿಕೆಯಾಗುತ್ತದೆ ಉಮಾ. ಅವನನ್ನು ಒಯ್ದರೆ ಎಂದು ಹೆದರಿಕೆ, ನನ್ನನ್ನು ಒಯ್ದು ಅವನು ಎಲ್ಲಿ ಎಂದು ಕೇಳಿದರೆ ಎಂದು ಅದಕ್ಕಿಂತ ಹೆಚ್ಚು ಹೆದರಿಕೆ. ನಾಡಿದ್ದಿನಿಂದ ಆಸ್ಪತ್ರೆಯ ನರ್ಸುಗಳ ಕ್ವಾರ್ಟರ್ಸಿಗೆ ಹೋಗಿರುತ್ತೇನೆ. ಅಲ್ಲಿ ಜನ ಇದ್ದಾರೆ, ಕೆಲಸವೂ ಇದೆ. ಸೇಸಪ್ಪಣ್ಣನ ಕೈಯಲ್ಲಿ ರೊನಾಲ್ಡ್ ಹೇಳಿ ಕಳಿಸಿದ್ದಾನೆ, ಕ್ಯಾಂಪಿನ ಹುಡುಗರು ಅವನಿಗೆ ಪೂರ್ತಿ ಎರಡು ಹಿಂದಿ ಹಾಡು ಕಲಿಸಿದ್ದಾರಂತೆ, ನನ್ನ ತಂಗಿ ಕೇಳಿದ್ದು ಅದರಲ್ಲಿ ಒಂದಂತೆ. ಅದು ಕೇಳಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಇವನು ಬಂದು ಮುಲ್ಕಿಯಲ್ಲಿ ನಿನ್ನ ಮುಂದೆ ಅದನ್ನು ಮೂಗಿನಲ್ಲಿ ಹಾಡಬೇಕು, ನೀನು ಶೀತವಾ ಎಂದು ಕೇಳಬೇಕು. ದೇವರ ಹತ್ತಿರ ಸದ್ಯಕ್ಕೆ ನಾನು ಕೇಳುತ್ತಿರುವುದು ಅಷ್ಟನ್ನೇ. ನಿನ್ನ ದೇವರ ಹತ್ತಿರ ನೀನೂ ಕೇಳು.

ನಿನ್ನ ಬೆಂಚಿನವಳು,
ಕಾರ್ಮೆಲ್

ತಾ.ಕ.: ಹೇಳದೆ ಉಳಿಸಿದ್ದು ಒಂದಿದೆ. ಬಾವಾಕರ ಮಗಳು ಮೈಮುನಾ ಜೂನ್‌ನಿಂದಲೇ ಉಳ್ಳಾಲದಲ್ಲಿ ಅಜ್ಜಿಯ ಹತ್ತಿರ ಶಾಲೆಗೆ ಹೋಗುತ್ತಿದ್ದಾಳೆ. ಅಪ್ಪನ ಪಾಸ್‌ಪೋರ್ಟಿನಲ್ಲಿ ಅವಳ ಹೆಸರು ಹಾಗೆಯೇ ಇದೆ. ಬೀಪಾತುಮ್ಮನ ಪಕ್ಕದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು, ಹಸಿರು ದಫ್ ಅವುಚಿಕೊಂಡು ಕೂತಿರುವವಳು ನನ್ನ ಶೆರಿಲ್. ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಬರೆದರೆ ಅವಳನ್ನು ಬಸ್ಸು ಹತ್ತಿಸಲು ನನ್ನಿಂದ ಆಗುತ್ತಿರಲಿಲ್ಲ. ನಾವು ರಜೆಗೆ ಬಂದಾಗಲೆಲ್ಲ ನೀನು ಸುಳ್ಯದ ಶಾಲೆಯಲ್ಲಿದ್ದೆ, ಅವಳನ್ನು ನೋಡಿಲ್ಲ. ಕಣ್ಣು ನೋಡು, ಅಪ್ಪನದೇ. ಅಪ್ಪನಿಗೊಂದು ಸುಳ್ಳು ಹೆಸರಿದ್ದ ಹಾಗೆ ಅವಳಿಗೂ ಈಗ ಒಂದು ಆಯಿತು. ಅತ್ತೆಯ ಹತ್ತಿರ ಈಗಲೇ ಕರೆದುಕೊಂಡು ಹೋಗಬೇಡ, ಒಬ್ಬಳೇ ಯಾಕೆ ಬಂದಳು ಎಂದು ಕೇಳಿ ಅವರು ಹಾಸಿಗೆ ಹಿಡಿಯುತ್ತಾರೆ. ಅವಳ ಚೀಲದಲ್ಲಿ ನಮ್ಮ ಮದುವೆಯ ಫೋಟೊ ಇದೆ, ಅಪ್ಪನ ಜಾಗದಲ್ಲಿ ತೂತು. ಅದನ್ನು ಅವಳ ತಲೆದಿಂಬಿನ ಹತ್ತಿರ ಇಡು. ದಾರಿಯಲ್ಲಿ ಬಾಯಿ ತೆರೆಯಬಾರದು, ಉಮಾ ಆಂಟಿ ನಿನ್ನ ನಿಜವಾದ ಹೆಸರು ಹಿಡಿದು ಕರೆದ ಮೇಲೆ ಮಾತ್ರ ಮಾತಾಡಬಹುದು ಎಂದು ಹೇಳಿ ಕಳಿಸಿದ್ದೇನೆ. ಅವಳು ಇಷ್ಟು ಹೊತ್ತೂ ಅದಕ್ಕೇ ಕಾಯುತ್ತಿದ್ದಾಳೆ. ಪತ್ರ ಕೆಳಗಿಟ್ಟು ಅವಳನ್ನು ಕರೆ ಉಮಾ. ಅವಳು ಇಂಗ್ಲಿಷಿನಲ್ಲಿಯೇ ಉತ್ತರ ಕೊಡುತ್ತಾಳೆ, ಕೊಡಲಿ ಬಿಡು.